ಬ್ಯಾಟರಿ ಡ್ರಿಲ್ ಕೊಳ್ಳುವ ಮುಂಚೆ ಗೋಡೆ ನೋಡಿ

ಧಾರವಾಡದ ನಮ್ಮ ಮನೆಯ ಹಾಲ್‌ಗೆ ಪರದೆ ಹಾಕಲು ಎರಡು ವಾರ ಹಿಡಿಯಿತು. ಹೊಲಿಸಿ ತಂದ ಪರದೆ ಮಂಚದ ಮೇಲೆ ಮಡಚಿಟ್ಟಲ್ಲೇ ಇತ್ತು. ತಡವಾದದ್ದು ರಾಡ್ ಕೂರಿಸಲು ಬೇಕಾದ ನಾಲ್ಕೇ ನಾಲ್ಕು ತೂತಿನಿಂದ.

ಹಬ್ಬದ ಸೇಲಿನಲ್ಲಿ ಒಂದು ಬ್ಯಾಟರಿ ಡ್ರಿಲ್ ತರಿಸಿದ್ದೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ‘48 ವೋಲ್ಟ್’ ಎಂದಿತ್ತು. ಒಳಗೆ ಎರಡು ಬ್ಯಾಟರಿ, ಒಂದು ಚಾರ್ಜರ್, ಮೂತಿಗೆ ಸಿಕ್ಕಿಸಿ ತೂತು ಕೊರೆಯುವ ಎಣಿಸಲಾಗದಷ್ಟು ಬಿಟ್‌ಗಳು. ಕಿಟಕಿಯ ಮೇಲೆ ಪೆನ್ಸಿಲ್ ಗುರುತು ಹಾಕಿ ಒತ್ತಿದೆ. ಮೊದಲ ಒಂದು ಸೆಂಟಿಮೀಟರ್ ಸರಾಗವಾಗಿ ಹೋಯಿತು. ಆಮೇಲೆ ಮಷಿನ್ ಕಿರ್ರೆಂದು ಕೂಗತೊಡಗಿತು. ಬಿಟ್ಟಿನ ತುದಿ ನೀಲಿಗೆ ತಿರುಗಿತು, ಸುಟ್ಟ ವಾಸನೆ ಬಂತು. ತೂತು ಮಾತ್ರ ಇದ್ದಲ್ಲೇ ಇತ್ತು.

ಸದ್ದು ಕೇಳಿ ಕೆಳಗಿನ ಮನೆಯ ಬಡಿಗೇರ ಕಾಕಾ ಮೇಲೆ ಬಂದರು. ನೆಲಕ್ಕೆ ಬಿದ್ದ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. “ತಮ್ಮಾ, ಇಲ್ಲಿ ಲಿಂಟಲ್ ಐತಿ. ಇದರ ಕೈಲಿ ಆಗಂಗಿಲ್ಲ ಬಿಡು. ಇದು ಕಟಗಿ ಕೆಲಸಕ್ಕ ಬರ್ತದ” ಎಂದರು.

ಈಗ ಮೊಬೈಲ್ ತೆರೆದರೆ ಸಾಕು, ಇಂಥ ಡ್ರಿಲ್‌ಗಳ ಜಾಹೀರಾತು. ಸೊಳ್ಳೆ ಪರದೆಯ ಚೌಕಟ್ಟು, ನೀರಿನ ಫಿಲ್ಟರ್, ಟಿವಿ ಸ್ಟ್ಯಾಂಡ್ ಕೂರಿಸಲು ಆಳು ಸಿಗುವುದಿಲ್ಲ ಎಂದು ಜನ ತಾವೇ ಡ್ರಿಲ್ ಕೊಳ್ಳುತ್ತಿದ್ದಾರೆ. ಆದರೆ ಪೆಟ್ಟಿಗೆಯ ಮೇಲಿನ ವೋಲ್ಟ್, ಎಎಚ್, ಎನ್‌ಎಂ ಅಂದರೇನು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ದುಡ್ಡು ಕೊಟ್ಟು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಪುಡಿಯ ಬಣ್ಣ

ಗೋಡೆ ಎಂದರೆ ಒಂದೇ ವಸ್ತು ಅಲ್ಲ. ಮೇಲಿನ ಒಂದರಿಂದ ಒಂದೂವರೆ ಸೆಂಟಿಮೀಟರ್ ಗಿಲಾವು. ಅದು ಮೆತ್ತಗೆ, ಪುಡಿ ಬೂದು ಬಣ್ಣ. ಅದನ್ನು ದಾಟಿದ ಮೇಲೆ ಕೆಂಪು ಪುಡಿ ಬಂದರೆ ಒಳಗೆ ಇಟ್ಟಿಗೆ ಇದೆ ಎಂದು ಅರ್ಥ. ಬೂದು ಪುಡಿಯೇ ಮುಂದುವರಿದು, ಬಿಟ್ ಸುಲಭವಾಗಿ ಇಳಿಯುತ್ತಿದ್ದರೆ ಸಿಮೆಂಟ್ ಬ್ಲಾಕ್. ಬೂದು ಪುಡಿ ಚೂರೇ ಚೂರು ಬಂದು ಬಿಟ್ ಇಳಿಯದೆ ಹೋದರೆ ಅದು ಕಾಂಕ್ರೀಟ್.

ಪರದೆಯ ರಾಡ್ ಕೂರಿಸುವುದು ಕಿಟಕಿಯ ಮೇಲೆ. ಸಿಮೆಂಟ್ ಮನೆಗಳಲ್ಲಿ ಅಲ್ಲೇ ಗೌಂಡಿ ಕಾಂಕ್ರೀಟಿನ ಲಿಂಟಲ್ ಹಾಕಿರುತ್ತಾನೆ, ಮೇಲಿನ ಗೋಡೆಯ ಭಾರ ಹೊರಲು. ಮನೆಯ ಉಳಿದ ಗೋಡೆಯೆಲ್ಲ ಇಟ್ಟಿಗೆಯಾದರೂ ನಾವು ತೂತು ಹಾಕಬೇಕಾದ ಜಾಗ ಮಾತ್ರ ಕಾಂಕ್ರೀಟ್! ಡ್ರಿಲ್ ಕೊಂಡ ಮೊದಲ ದಿನವೇ ಬಹಳ ಜನರಿಗೆ ನಿರಾಸೆಯಾಗುವುದು ಇದರಿಂದಲೇ.

ಕಾಂಕ್ರೀಟ್ ಯಾಕೆ ಅಷ್ಟು ಗಟ್ಟಿ? ಅದರಲ್ಲಿರುವ ಖಡಿಯಿಂದ, ಅಂದರೆ ಜಲ್ಲಿಕಲ್ಲಿನಿಂದ. ಕಲ್ಲಿನಲ್ಲೂ ಮೆತ್ತಗಿನದು, ಗಟ್ಟಿಯದು ಎಂದಿರುತ್ತದೆ. ಗದಗದ ಹತ್ತಿರ ಲಕ್ಕುಂಡಿಯ ಗುಡಿಗಳಲ್ಲಿ ಕಂಬಗಳು ಲೇಥಿಗೆ ಹಾಕಿ ತಿರುಗಿಸಿದಷ್ಟು ನುಣುಪಾಗಿವೆ. ಅದು ಸಾಧ್ಯವಾದದ್ದು ಬಳಪದ ಕಲ್ಲು ಮೆತ್ತಗಿರುವುದರಿಂದ. ಖಡಿ ಹಾಗಲ್ಲ. ಬಿಟ್ಟಿನ ತುದಿಗೆ ಒಂದು ಖಡಿ ಎದುರಾದರೆ ಸುಮ್ನೆ ತಿರುಗಿ ಪ್ರಯೋಜನವಿಲ್ಲ, ಅದನ್ನು ಒಡೆಯಲೇ ಬೇಕು.

ಮಾಳಮಡ್ಡಿಯಂಥ ಕಡೆ ಹಳೆಯ ಹೆಂಚಿನ ಮನೆಗಳಲ್ಲಿ ಇದರ ಉಲ್ಟಾ ಸಮಸ್ಯೆ. ಮಣ್ಣಿನ ಗೋಡೆಯಲ್ಲಿ ತೂತು ಸಲೀಸಾಗಿ ಬೀಳುತ್ತದೆ, ಆದರೆ ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್ ಹಿಡಿದು ನಿಲ್ಲುವುದಿಲ್ಲ. ಅಲ್ಲಿ ದೊಡ್ಡ ತೂತು ಮಾಡಿ ಕಟ್ಟಿಗೆಯ ಗೂಟ ಬಡಿದು, ಆ ಗೂಟಕ್ಕೆ ಸ್ಕ್ರೂ ಹಾಕುವುದೇ ಸರಿ. ಅದಕ್ಕೆ ಎಂಥ ಸಣ್ಣ ಡ್ರಿಲ್ ಆದರೂ ನಡೆಯುತ್ತದೆ.

ತಿರುಗುವುದು, ತಟ್ಟುವುದು, ಕುಟ್ಟುವುದು

ಅಂಗಡಿಯಲ್ಲಿ ಎಲ್ಲದಕ್ಕೂ ‘ಡ್ರಿಲ್ ಮಷಿನ್’ ಎನ್ನುತ್ತಾರೆ. ಒಳಗಿನ ಕೆಲಸ ಮಾತ್ರ ಮೂರು ಥರ.

ಬರೀ ತಿರುಗುವುದು ಡ್ರಿಲ್ ಡ್ರೈವರ್. ನಮ್ಮ ಬಡಿಗೇರರ ಹಳೆಯ ಬೈರಿಗೆಗೆ ಮೋಟಾರು ಕೂರಿಸಿದಂತೆ. ಕಟ್ಟಿಗೆ, ಪ್ಲೈವುಡ್, ತಗಡು, ಪ್ಲಾಸ್ಟಿಕ್‌ನಲ್ಲಿ ತೂತು ಹಾಕಲು, ಸ್ಕ್ರೂ ಬಿಗಿಯಲು ಇದು ಚೆನ್ನ. ಗೋಡೆಗೆ ಅಲ್ಲ.

ತಿರುಗುತ್ತಲೇ ತಟ್ಟುವುದು ಹ್ಯಾಮರ್ ಡ್ರಿಲ್. ಇದನ್ನೇ ಇಂಪ್ಯಾಕ್ಟ್ ಡ್ರಿಲ್ ಎಂದೂ ಕರೆಯುತ್ತಾರೆ. ಒಳಗೆ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಹಲ್ಲು ಹಲ್ಲಿನ ಮೇಲೆ ಏರಿ ಇಳಿದಾಗಲೆಲ್ಲ ಬಿಟ್ ಕೂದಲೆಳೆಯಷ್ಟು ಮುಂದೆ ಹಿಂದೆ ಆಗುತ್ತದೆ. ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ತಟ್ಟು. ಆದರೆ ಒಂದೊಂದು ತಟ್ಟೂ ತೀರಾ ಸಣ್ಣದು. ಅವ್ವ ಜೋಳದ ರೊಟ್ಟಿ ಬಡಿಯುವಾಗ ಕೈ ಆಡುತ್ತದಲ್ಲ, ಹಾಗೆ: ವೇಗ ಜಾಸ್ತಿ, ಪೆಟ್ಟು ಹಗುರ. ಇಟ್ಟಿಗೆ, ಬ್ಲಾಕ್ ಗೋಡೆಗೆ ಇಷ್ಟು ಸಾಕು.

ಕುಟ್ಟುವುದು ರೋಟರಿ ಹ್ಯಾಮರ್. ಇದರಲ್ಲಿ ಪಿಸ್ಟನ್ ಇದೆ. ಅದು ಗಾಳಿಯನ್ನು ಒತ್ತಿ ಆ ಗಾಳಿಯಿಂದ ಒಂದು ಉಕ್ಕಿನ ತುಂಡನ್ನು ಬಿಟ್ಟಿನ ಹಿಂಭಾಗಕ್ಕೆ ಬಡಿಸುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಪೆಟ್ಟು ಮಾತ್ರ, ಆದರೆ ಒಂದೊಂದೂ ಒನಕೆಯ ಪೆಟ್ಟು. ಬ್ಯಾಡಗಿ ಮೆಣಸಿನಕಾಯಿಯನ್ನು ಒರಳಿಗೆ ಹಾಕಿ ಕುಟ್ಟಿದ ಹಾಗೆ. ಖಡಿ ಒಡೆಯುವುದು ಇದಕ್ಕೆ ಮಾತ್ರ. ಇದರ ಬಿಟ್ಟಿನ ಹಿಡಿಯಲ್ಲಿ ಉದ್ದಕ್ಕೆ ಗೀರು ಕೊರೆದಿರುತ್ತದೆ. ಎಸ್‌ಡಿಎಸ್ ಬಿಟ್ ಎನ್ನುತ್ತಾರೆ. ಸಾಮಾನ್ಯ ಡ್ರಿಲ್‌ಗೆ ಅದು ಹೊಂದುವುದಿಲ್ಲ.

ಇಂಪ್ಯಾಕ್ಟ್ ಡ್ರೈವರ್ ಎಂಬ ಇನ್ನೊಂದು ಇದೆ, ಹೆಸರು ಕೇಳಿ ಮೋಸ ಹೋಗಬೇಡಿ. ಅದು ಪೆಟ್ಟು ಕೊಡುವುದು ಮುಂದಕ್ಕಲ್ಲ, ತಿರುಗುವ ದಿಕ್ಕಿನಲ್ಲಿ. ಉದ್ದನೆಯ ಸ್ಕ್ರೂ, ಬೋಲ್ಟ್ ಬಿಗಿಯಲು ಅದರ ಸಮ ಇಲ್ಲ. ಗೋಡೆಗೆ ಅದರಿಂದ ಏನೂ ಆಗುವುದಿಲ್ಲ.

ಹಾಗಾದರೆ ಕಾಂಕ್ರೀಟಿಗೆಂದು ರೋಟರಿ ಹ್ಯಾಮರ್ ಕೊಳ್ಳಬೇಕಾ? ಮನೆಗಾದರೆ ಬೇಡ ಎನ್ನುತ್ತೇನೆ. ವರ್ಷಕ್ಕೆ ಆರೆಂಟು ತೂತು ಹಾಕಲು ಅದನ್ನು ದಿನದ ಬಾಡಿಗೆಗೆ ತರುವುದು, ಇಲ್ಲವೇ ಎಲೆಕ್ಟ್ರಿಷಿಯನ್‌ಗೆ ಹೇಳುವುದು ಅಗ್ಗ. ಕೊಳ್ಳುವುದಾದರೆ ಹ್ಯಾಮರ್ ಗುರುತಿರುವ ಬ್ಯಾಟರಿ ಡ್ರಿಲ್ ಕೊಳ್ಳಿ. ಬ್ಯಾಟರಿಯೇ ಬೇಕು ಅಂತಿಲ್ಲ, ಗೋಡೆ ಕೆಲಸವೇ ಜಾಸ್ತಿ ಎನ್ನುವವರಿಗೆ ವೈರ್ ಇರುವ ಇಂಪ್ಯಾಕ್ಟ್ ಡ್ರಿಲ್ ಸಾಕು. ಅದೇ ಶಕ್ತಿ ಕಡಿಮೆ ದುಡ್ಡಿಗೆ ಸಿಗುತ್ತದೆ.

48 ವೋಲ್ಟಿನ ಒಳಗೆ ಏನಿತ್ತು

ನೀರು ನಾಲ್ಕಾರು ದಿನಕ್ಕೊಮ್ಮೆ ಬರುವ ನಮ್ಮ ಅವಳಿ ನಗರದವರಿಗೆ ಟ್ಯಾಂಕಿನ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆಯೋ ಅಷ್ಟು ರಭಸದಿಂದ ನಲ್ಲಿಯಲ್ಲಿ ನೀರು ಬರುತ್ತದೆ. ಟ್ಯಾಂಕ್ ಎಷ್ಟು ದೊಡ್ಡದೋ ಅಷ್ಟು ಹೊತ್ತು ಬರುತ್ತದೆ. ಎತ್ತರವೇ ವೋಲ್ಟ್. ಗಾತ್ರವೇ ಆಂಪಿಯರ್ ಅವರ್, ಅಂದರೆ ಬ್ಯಾಟರಿಯ ಮೇಲಿನ ‘ಎಎಚ್’. ಎರಡನ್ನೂ ಗುಣಿಸಿದರೆ ವ್ಯಾಟ್ ಅವರ್, ಅಂದರೆ ಒಟ್ಟು ಕೂಡಿಟ್ಟ ಶಕ್ತಿ.

18 ವೋಲ್ಟ್, 2 ಎಎಚ್ ಬ್ಯಾಟರಿ ತೆಗೆದುಕೊಳ್ಳಿ. 36 ವ್ಯಾಟ್ ಅವರ್ ಆಯಿತು. ಮನೆಯ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಎಂದರೆ 1000 ವ್ಯಾಟ್ ಅವರ್. ಚಾರ್ಜರ್‌ನಲ್ಲಿ ಒಂದಿಷ್ಟು ಸೋರಿಹೋದರೂ ಒಂದು ಯೂನಿಟ್‌ನಲ್ಲಿ ಈ ಬ್ಯಾಟರಿಯನ್ನು ಇಪ್ಪತ್ತು ಸಲಕ್ಕಿಂತ ಜಾಸ್ತಿ ತುಂಬಬಹುದು. ಬಿಲ್ ಬಗ್ಗೆ ಚಿಂತೆ ಬೇಡ.

ಈಗ ಆ ದಪ್ಪ ಅಕ್ಷರಕ್ಕೆ ಬರೋಣ. ಡ್ರಿಲ್ ಬ್ಯಾಟರಿ ಎಂದರೆ ಒಂದೇ ಬ್ಯಾಟರಿಯಲ್ಲ, ಲಿಥಿಯಂ ಅಯಾನ್ ಸೆಲ್‌ಗಳ ಗಂಟು. ಒಂದು ಸೆಲ್ಲಿಗೆ ಸಾಮಾನ್ಯವಾಗಿ 3.6 ವೋಲ್ಟ್. ಪೂರ್ತಿ ಚಾರ್ಜ್ ಆದಾಗ 4.2. ಮೂರು ಸೆಲ್ ಸಾಲಾಗಿ ಜೋಡಿಸಿದರೆ 10.8 ವೋಲ್ಟ್, ಇದನ್ನೇ ‘12 ವೋಲ್ಟ್’ ಎಂದು ಮಾರುತ್ತಾರೆ. ಐದು ಸೆಲ್ ಜೋಡಿಸಿದರೆ 18 ವೋಲ್ಟ್. ಅದೇ ಐದು ಸೆಲ್ ತುಂಬಿದ ಚಾರ್ಜಿನಲ್ಲಿ 20, 21 ತೋರಿಸುತ್ತವೆ. ಹಾಗಾಗಿ ಒಂದು ಕಂಪನಿಯ ‘18 ವೋಲ್ಟ್’, ಇನ್ನೊಂದರ ‘20 ವೋಲ್ಟ್ ಮ್ಯಾಕ್ಸ್’, ಮತ್ತೊಂದರ ‘21 ವೋಲ್ಟ್’ ಎಲ್ಲವೂ ಐದೇ ಸೆಲ್. 20 ದೊಡ್ಡದು, 18 ಚಿಕ್ಕದು ಎಂದು ಜಾಸ್ತಿ ದುಡ್ಡು ಕೊಡಬೇಡಿ.

48 ವೋಲ್ಟ್ ನಿಜವಾಗಬೇಕಾದರೆ 13 ಸೆಲ್ ಸಾಲಾಗಿ ಬೇಕು. ಡ್ರಿಲ್‌ಗಳಲ್ಲಿ ಹೆಚ್ಚಾಗಿ ಹಾಕುವ ಸೆಲ್‌ಗೆ 18650 ಎಂಬ ಹೆಸರು: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ತೂಕ ಸುಮಾರು 45 ಗ್ರಾಂ. ಹದಿಮೂರಕ್ಕೆ ಹತ್ತಿರ ಹತ್ತಿರ 600 ಗ್ರಾಂ ಆಗಬೇಕು. ನನ್ನ ಬ್ಯಾಟರಿಯನ್ನು ಅಡುಗೆಮನೆಯ ತಕ್ಕಡಿಗೆ ಹಾಕಿದೆ. ಪ್ಲಾಸ್ಟಿಕ್ ಡಬ್ಬಿಯೂ ಸೇರಿ 300 ಗ್ರಾಂ ಮುಟ್ಟಲಿಲ್ಲ. ಮೊಬೈಲ್ ರಿಪೇರಿ ಮಾಡುವ ಗೆಳೆಯ ತನ್ನ ಮೇಜಿನ ಮೇಲೆ ಅದನ್ನು ಬಿಚ್ಚಿದ. ಐದು ಸೆಲ್! (ನೀವು ಬಿಚ್ಚಲು ಹೋಗಬೇಡಿ. ಲಿಥಿಯಂ ಸೆಲ್‌ಗೆ ಸ್ಕ್ರೂಡ್ರೈವರ್ ತಾಗಿ ಶಾರ್ಟ್ ಆದರೆ ಬೆಂಕಿ ಹತ್ತುತ್ತದೆ. ತಕ್ಕಡಿ ಸಾಕು.)

ಒಂದು ಉಪಾಯ ನೆನಪಿಡಿ. ಸರಿಯಾದ ಕಂಪನಿಗಳು ಬ್ಯಾಟರಿಯ ಮೇಲೆ ಎಎಚ್ ಅಥವಾ ವ್ಯಾಟ್ ಅವರ್ ಬರೆದಿರುತ್ತಾರೆ. ವೋಲ್ಟ್ ಮಾತ್ರ ದೊಡ್ಡದಾಗಿ ಬರೆದು ಉಳಿದದ್ದನ್ನು ಬಿಟ್ಟಿದ್ದರೆ ಆ ಪೆಟ್ಟಿಗೆಯನ್ನು ಅಲ್ಲೇ ಇಡಿ.

ತಿರುಚುವ ಬಲ ಮತ್ತು ನಿಮ್ಮ ಮಣಿಕಟ್ಟು

‘ಎನ್‌ಎಂ’ ಎಂದರೆ ನ್ಯೂಟನ್ ಮೀಟರ್, ತಿರುಚುವ ಬಲದ ಅಳತೆ. ಟಾರ್ಕ್ ಎನ್ನುವುದೂ ಇದನ್ನೇ. ಒಂದು ಮೀಟರ್ ಉದ್ದದ ರಾಡಿನ ತುದಿಗೆ ಒಂದು ಕಿಲೋ ಬೆಲ್ಲದ ಗಂಟು ತೂಗುಹಾಕಿದರೆ ಇನ್ನೊಂದು ತುದಿಯಲ್ಲಿ ಸುಮಾರು 10 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. ಸಾಧಾರಣ 12 ವೋಲ್ಟಿನ ಡ್ರಿಲ್‌ಗಳಲ್ಲಿ 30ರ ಆಸುಪಾಸು, 18 ವೋಲ್ಟಿನವುಗಳಲ್ಲಿ 50, 60 ಸಿಗುತ್ತದೆ. ಮನೆಯ ಸ್ಕ್ರೂಗಳಿಗೆ 30 ಧಾರಾಳವಾಯಿತು.

ಪೆಟ್ಟಿಗೆಯ ಮೇಲೆ ಬರೆದಿರುವುದು ಬಹುತೇಕ ‘ಹಾರ್ಡ್’ ಟಾರ್ಕ್. ಅಂದರೆ ಲೋಹಕ್ಕೆ ಬೋಲ್ಟ್ ಬಿಗಿದು ತಟ್ಟನೆ ನಿಂತಾಗ ಒಂದು ಕ್ಷಣ ಸಿಗುವ ಬಲ. ಕಟ್ಟಿಗೆಯಲ್ಲಿ ಸ್ಕ್ರೂ ನಿಧಾನಕ್ಕೆ ಇಳಿಯುವಾಗ ಸಿಗುವುದು ‘ಸಾಫ್ಟ್’ ಟಾರ್ಕ್, ಅದು ಇದಕ್ಕಿಂತ ಕಡಿಮೆ. ಎರಡು ಡ್ರಿಲ್ ಹೋಲಿಸುವಾಗ ಒಂದರ ಹಾರ್ಡ್‌ನ್ನು ಇನ್ನೊಂದರ ಸಾಫ್ಟ್ ಜೊತೆ ಹೋಲಿಸಬೇಡಿ.

ಬಲ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ ಎಂದು ಕೇಳಬಹುದು. ಬಿಟ್ ಎಲ್ಲಾದರೂ ಸಿಕ್ಕಿಕೊಂಡಿತು ಅನ್ನಿ. ಬಿಟ್ ನಿಲ್ಲುತ್ತದೆ, ಮೋಟಾರು ನಿಲ್ಲುವುದಿಲ್ಲ. ಆಗ ತಿರುಗುವುದು ಮಷಿನ್, ಜೊತೆಗೆ ನಿಮ್ಮ ಕೈ. 50 ನ್ಯೂಟನ್ ಮೀಟರ್ ಬಲವನ್ನು ಹತ್ತು ಸೆಂಟಿಮೀಟರ್ ಹಿಡಿಯಲ್ಲಿ ತಡೆಯಬೇಕೆಂದರೆ 50 ಕಿಲೋ ಚೀಲವನ್ನು ತಡೆದ ಹಾಗೆ. ಅದಕ್ಕೇ ದೊಡ್ಡ ಡ್ರಿಲ್‌ಗಳ ಜೊತೆ ಪಕ್ಕದ ಹಿಡಿ ಕೊಡುವುದು. ಅದನ್ನು ಪೆಟ್ಟಿಗೆಯಲ್ಲೇ ಬಿಡಬೇಡಿ.

ಬಿಟ್ ಸಿಕ್ಕಿಕೊಳ್ಳುವುದು ನಮ್ಮ ನಿಮ್ಮ ಮನೆಯಲ್ಲಿ ಮಾತ್ರವಲ್ಲ. 1971ರಲ್ಲಿ ಅಪೊಲೊ 15ರಲ್ಲಿ ಚಂದ್ರನ ಮೇಲೆ ಇಳಿದವರು ಬ್ಯಾಟರಿ ಡ್ರಿಲ್ ಒಯ್ದಿದ್ದರು. ಅದರ ಕೊಳವೆ ನೆಲದಲ್ಲಿ ಸಿಕ್ಕಿಬಿದ್ದು, ಇಬ್ಬರೂ ಸೇರಿ ಹೆಗಲು ಕೊಟ್ಟು ಎಳೆದ ಮೇಲೆಯೇ ಹೊರಬಂತು.

ಎರಡು ಗೇರ್, ಒಂದು ಬಳೆ

ಡ್ರಿಲ್‌ನ ನೆತ್ತಿಯ ಮೇಲೆ 1, 2 ಎಂಬ ಗುಂಡಿ ಇರುತ್ತದೆ. 1 ಎಂದರೆ ನಿಧಾನ, ಬಲ ಜಾಸ್ತಿ. 2 ಎಂದರೆ ವೇಗ, ಬಲ ಕಡಿಮೆ. ಬೈಕಿನ ಗೇರ್ ಇದ್ದ ಹಾಗೆ. ಸ್ಕ್ರೂಗೆ 1, ಸಣ್ಣ ತೂತಿಗೆ 2. ಮಷಿನ್ ತಿರುಗುತ್ತಿರುವಾಗ ಗೇರ್ ಬದಲಿಸಬೇಡಿ.

ಮೂತಿಯ ಹತ್ತಿರ ಅಂಕಿ ಬರೆದ ಒಂದು ಬಳೆ ಇರುತ್ತದೆ. ಬಹಳ ಜನ ಇದನ್ನು ಮುಟ್ಟುವುದೇ ಇಲ್ಲ. ನನ್ನ ಪ್ರಕಾರ ಬ್ಯಾಟರಿ ಡ್ರಿಲ್‌ನ ಅರ್ಧ ಬೆಲೆ ಈ ಬಳೆಗೇ. ಇದು ಕ್ಲಚ್. ಗೊತ್ತು ಮಾಡಿದಷ್ಟು ಬಲ ಮುಟ್ಟಿದ ಕೂಡಲೇ ಒಳಗಿನ ಗುಂಡುಗಳು ಜಾರಿ ‘ಟರ್ರ್’ ಎನ್ನುತ್ತದೆ, ಬಿಟ್ ನಿಂತುಬಿಡುತ್ತದೆ.

ಕಾಕಾ ಅಡುಗೆಮನೆಯ ಕಪಾಟಿಗೆ ಆಟೋ ಹಿಂಜ್ (ಬಾಗಿಲು ತಾನೇ ಮುಚ್ಚಿಕೊಳ್ಳುವ ಕೀಲು) ಕೂರಿಸುವುದನ್ನು ಹತ್ತಿರ ನಿಂತು ನೋಡಿದೆ. ಮೊದಲು ಬಳೆಯನ್ನು ಡ್ರಿಲ್ ಚಿತ್ರವಿರುವ ಗುರುತಿಗೆ ತಿರುಗಿಸಿದರು, ಅಂದರೆ ಕ್ಲಚ್ ಬಂದ್. ಆಮೇಲೆ 35 ಮಿಲಿಮೀಟರಿನ ಅಗಲ ಬಿಟ್‌ನಿಂದ ಬಾಗಿಲಿನ ಹಿಂಬದಿ ಗುಂಡಗೆ ಕೊರೆದರು. ಹಿಂಜ್ ಇಟ್ಟು, ಬಿಟ್ ಬದಲಿಸಿ, ಬಳೆಯನ್ನು 4ಕ್ಕೆ ತಂದು ಒಂದು ಸ್ಕ್ರೂ ಹಾಕಿದರು. ಸ್ಕ್ರೂ ಪೂರ್ತಿ ಕೂರುವ ಮುಂಚೆಯೇ ಟರ್ರ್ ಎಂದಿತು. 6ಕ್ಕೆ ತಿರುಗಿಸಿದರು. ತಲೆ ಹಿಂಜ್‌ಗೆ ಸಮ ಕೂತು ಟರ್ರ್ ಎಂದಿತು. “ಇಷ್ಟ ನೋಡು. ಇನ್ನೊಂದ ಸುತ್ತು ತಿರುವಿದ್ರ ಪ್ಲೈ ಒಳಗಿನ ಹಿಡಿತಾನ ಹೋಗ್ತಿತ್ತು” ಎಂದರು. ಉಳಿದ ಹನ್ನೊಂದು ಸ್ಕ್ರೂ ಅದೇ 6ರಲ್ಲಿ ಹೋದವು, ಒಂದೂ ಜಾಸ್ತಿ ಇಲ್ಲ, ಒಂದೂ ಕಡಿಮೆ ಇಲ್ಲ.

ನನ್ನ ಮಷಿನ್‌ನಲ್ಲೂ ಆ ಬಳೆ ಇತ್ತು. 3ಕ್ಕೂ 15ಕ್ಕೂ ವ್ಯತ್ಯಾಸ ಮಾತ್ರ ಇರಲಿಲ್ಲ.

ಚಕ್ ಮತ್ತು ಕಾರ್ಬನ್

ಬಿಟ್ ಹಿಡಿಯುವ ಬಾಯಿಗೆ ಚಕ್ ಎನ್ನುತ್ತಾರೆ. 10 ಮಿಲಿಮೀಟರಿನ ಚಕ್ ಮನೆಗೆ ಸಾಕು. ವರ್ಕ್‌ಶಾಪಿಗೆ 13 ಬೇಕು, ದಪ್ಪ ಬಿಟ್ ಹಿಡಿಯಲು. ಒಳಗಿನ ದವಡೆ ಲೋಹದ್ದಾಗಿರಲಿ.

ಹಳೆಯ ಬಗೆಯ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಉಜ್ಜುತ್ತಾ ಕರೆಂಟ್ ದಾಟಿಸುತ್ತದೆ. ಉಜ್ಜಿದಂತೆ ಸವೆಯುತ್ತದೆ, ಬಿಸಿಯಾಗುತ್ತದೆ. ಬ್ರಷ್‌ಲೆಸ್ ಮೋಟಾರಿನಲ್ಲಿ ಆ ಕೆಲಸವನ್ನು ಒಂದು ಸರ್ಕ್ಯೂಟ್ ಮಾಡುತ್ತದೆ. ಅದೇ ಚಾರ್ಜಿನಲ್ಲಿ ಹೆಚ್ಚು ಕೆಲಸ, ಹೆಚ್ಚು ಬಾಳಿಕೆ, ಹೆಚ್ಚು ಬೆಲೆ. ದಿನವೂ ಬಳಸುವವರಿಗೆ ಇದು ಲಾಭ. ತಿಂಗಳಿಗೊಮ್ಮೆ ಕೈಗೆತ್ತಿಕೊಳ್ಳುವವರಿಗೆ ಕಾರ್ಬನ್ ಇದ್ದದ್ದೇ ಸಾಕು.

ಕೊಳ್ಳುವುದು ಡ್ರಿಲ್ ಅಲ್ಲ, ಬ್ಯಾಟರಿ

ಮೂರು ನಾಲ್ಕು ವರ್ಷ ಕಳೆದ ಮೇಲೆ ಡ್ರಿಲ್ ಗಟ್ಟಿಮುಟ್ಟಾಗಿರುತ್ತದೆ, ಬ್ಯಾಟರಿ ಸೊರಗಿರುತ್ತದೆ. ಆಗ ಅದೇ ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೇ ಎನ್ನುವುದರ ಮೇಲೆ ನಿಮ್ಮ ಡ್ರಿಲ್‌ನ ಆಯಸ್ಸು ನಿಂತಿದೆ. ಸಾಮಾನ್ಯವಾಗಿ ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಮಷಿನ್‌ಗೆ ಕೂರುವುದಿಲ್ಲ. ಹೆಸರೇ ಕೇಳಿರದ ಕಂಪನಿಯ ಡ್ರಿಲ್ ತೆಗೆದುಕೊಂಡರೆ, ಬ್ಯಾಟರಿ ಹೋದ ದಿನ ಮಷಿನ್ನೂ ಗುಜರಿಗೆ.

ಬಾಷ್, ಮಕಿತಾ, ಡಿವಾಲ್ಟ್ ಥರದ ಕಂಪನಿಗಳು ಒಂದೇ ಬ್ಯಾಟರಿಗೆ ಕೂರುವ ಹತ್ತಾರು ಉಪಕರಣ ಮಾಡುತ್ತವೆ: ಗ್ರೈಂಡರ್, ಗರಗಸ, ಬ್ಲೋವರ್. ಮೊದಲ ಸಲ ಬ್ಯಾಟರಿ ಸಮೇತ ಕಿಟ್ ಕೊಂಡರೆ, ಮುಂದಿನವನ್ನು ಬರೀ ಮಷಿನ್ ಮಾತ್ರ ಕೊಳ್ಳಬಹುದು. ಆದರೆ ಒಂದೇ ಕಂಪನಿಯಲ್ಲೂ 12 ವೋಲ್ಟಿನ ಸಾಲು ಬೇರೆ, 18ರ ಸಾಲು ಬೇರೆ. ಮುಂದೆ ಗ್ರೈಂಡರ್ ಬೇಕಾಗಬಹುದು ಅನ್ನಿಸಿದರೆ ಈಗಲೇ 18ಕ್ಕೆ ಹೋಗಿ. ಕೊಳ್ಳುವ ಮುಂಚೆ ಹುಬ್ಬಳ್ಳಿಯಲ್ಲಿ ಅದರ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಕೇಳಿ, ಫೋನ್ ಮಾಡಿ, ಬಿಡಿ ಬ್ಯಾಟರಿಯ ಬೆಲೆ ತಿಳಿದುಕೊಳ್ಳಿ. ಆನ್‌ಲೈನ್‌ನಲ್ಲಿ ಐನೂರು ಉಳಿಸುವುದಕ್ಕಿಂತ ಆ ಒಂದು ಫೋನ್ ದೊಡ್ಡದು.

ಬ್ಯಾಟರಿಯ ವೈರಿ ಬಿಸಿಲು. ಏಪ್ರಿಲ್‌ನಲ್ಲಿ ಸ್ಕೂಟರ್ ಡಿಕ್ಕಿಯಲ್ಲಿ ಡ್ರಿಲ್ ಇಟ್ಟು ಮಧ್ಯಾಹ್ನವಿಡೀ ನಿಲ್ಲಿಸುವುದು ಅದನ್ನು ಬೇಯಿಸಿದ ಹಾಗೆ. ಕೆಲಸ ಮಾಡಿ ಬಿಸಿಯಾದ ಬ್ಯಾಟರಿಯನ್ನು ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ. ತಿಂಗಳುಗಟ್ಟಲೆ ಮುಟ್ಟುವುದಿಲ್ಲವಾದರೆ ಅರ್ಧ ಚಾರ್ಜಿನಲ್ಲಿಡಿ. ಪೂರ್ತಿ ತುಂಬಿಯೂ ಬೇಡ, ಖಾಲಿಯೂ ಬೇಡ. ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆಯುವ ಹೊಣೆ ತಯಾರಕರದ್ದು.

ಅಂಗಡಿಯಲ್ಲಿ ಹತ್ತು ನಿಮಿಷ

ಡ್ರಿಲ್ ಕೈಗೆ ತೆಗೆದುಕೊಂಡು ತೋಳು ಮೇಲೆತ್ತಿ ಒಂದು ನಿಮಿಷ ಹಿಡಿಯಿರಿ. ಪರದೆಯ ರಾಡ್ ಕೂರಿಸುವಾಗ ಹೀಗೇ ಹಿಡಿಯಬೇಕು. ಚಕ್‌ಗೆ ಉದ್ದನೆಯ ತೆಳು ಬಿಟ್ ಹಾಕಿಸಿ ನಿಧಾನಕ್ಕೆ ತಿರುಗಿಸಿ, ತುದಿಯನ್ನು ನೋಡಿ. ತುದಿ ಸಣ್ಣ ವೃತ್ತ ಬರೆಯುತ್ತಿದ್ದರೆ ಚಕ್ ಓರೆ ಇದೆ, ಬೇಡ ಎನ್ನಿ. ಟ್ರಿಗರ್ ಸ್ವಲ್ಪ ಒತ್ತಿದರೆ ಸ್ವಲ್ಪ, ಜಾಸ್ತಿ ಒತ್ತಿದರೆ ಜಾಸ್ತಿ ತಿರುಗಬೇಕು. ಬಿಟ್ಟ ಕೂಡಲೇ ನಿಲ್ಲಬೇಕು. ಕ್ಲಚ್ ನೋಡಲು ಬಳೆಯನ್ನು 1ಕ್ಕೆ ತಂದು ಅಂಗಡಿಯವರ ಒಂದು ಕಟ್ಟಿಗೆ ತುಂಡಿಗೆ ಸ್ಕ್ರೂ ಹಾಕಿ ನೋಡಿ, ಆಮೇಲೆ 10ಕ್ಕೆ ತಂದು ಹಾಕಿ.

ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಹುಡುಕಿ. ಜಿಎಸ್‌ಟಿ ಬಿಲ್ ಕೇಳಿ ತೆಗೆದುಕೊಳ್ಳಿ, ಮಷಿನ್‌ನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ. “ಬಿಲ್ ಇಲ್ಲಾಂದ್ರ ಐನೂರ ಕಡಿಮಿ ಮಾಡ್ತೀನ್ರಿ” ಎಂದು ಹೇಳುವವರಿದ್ದಾರೆ. ವಾರಂಟಿ ಆ ಐನೂರರ ಜೊತೆಗೇ ಹೋಗುತ್ತದೆ.

ಯಾರಿಗೆ ಯಾವುದು

ಬಾಡಿಗೆ ಮನೆ, ಕಟ್ಟಿಗೆ ಸಾಮಾನು, ಸ್ಕ್ರೂ ಕೆಲಸ ಇಷ್ಟೇ ಇದ್ದರೆ 12 ವೋಲ್ಟಿನ ಒಳ್ಳೆಯ ಕಂಪನಿಯದು ಸಾಕು. ಸ್ವಂತ ಮನೆ, ಇಟ್ಟಿಗೆ ಗೋಡೆ ಎಂದರೆ 18 ವೋಲ್ಟ್, ಹ್ಯಾಮರ್ ಇರುವುದು, 2 ಎಎಚ್‌ನ ಎರಡು ಬ್ಯಾಟರಿ. ಗೋಕುಲ ರಸ್ತೆ, ತಾರಿಹಾಳದ ವರ್ಕ್‌ಶಾಪುಗಳಲ್ಲಿ ಬೆಳಗಿಂದ ಸಂಜೆವರೆಗೆ ಕಬ್ಬಿಣದ ಚಾನಲ್, ಆಂಗಲ್‌ಗೆ ತೂತು ಹಾಕುವವರಿಗೆ 13 ಮಿಲಿಮೀಟರ್ ಚಕ್, ಬ್ರಷ್‌ಲೆಸ್, 4 ಎಎಚ್ ಬ್ಯಾಟರಿ ಬೇಕು. ಒಂದೇ ಜಾಗದಲ್ಲಿ ಕೂತು ನೂರಾರು ತೂತು ಹಾಕುವುದಾದರೆ ಮಾತ್ರ ವೈರ್ ಡ್ರಿಲ್ ಅಥವಾ ಕಂಬಕ್ಕೆ ಕೂರಿಸಿದ ಪಿಲ್ಲರ್ ಡ್ರಿಲ್ ವಾಸಿ.

ಬ್ಯಾಟರಿ ಡ್ರಿಲ್ ನಿಜವಾಗಿ ಗೆಲ್ಲುವುದು ಹೊಲದಲ್ಲಿ. ಹಾವೇರಿ ಕಡೆ ಮೆಣಸಿನಕಾಯಿ ಹೊಲಕ್ಕೆ ಡ್ರಿಪ್ ಹಾಕುವಾಗ ಪಿವಿಸಿ ಪೈಪಿಗೆ ಸಾಲಿಗೊಂದರಂತೆ ತೂತು ಹಾಕಿ, ರಬ್ಬರ್ ವಾಷರ್ ಕೂರಿಸಿ, ಸಣ್ಣ ಪೈಪ್ ಸಿಕ್ಕಿಸಬೇಕು. ಅಲ್ಲಿ ಕರೆಂಟ್ ಎಲ್ಲಿದೆ? ಪಿವಿಸಿ ಮೆತ್ತಗಿನ ವಸ್ತು, 12 ವೋಲ್ಟಿನ ಸಣ್ಣ ಡ್ರಿಲ್ ಒಂದೇ ಚಾರ್ಜಿನಲ್ಲಿ ಸಾಲು ಸಾಲು ಮುಗಿಸುತ್ತದೆ.

ಗೋಡೆಗೆ ತೂತು ಹಾಕುವವರಿಗೆ ಕೊನೆಯ ಎರಡು ಮಾತು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ತೂತು ಹಾಕಬೇಡಿ. ವೈರು ಹೆಚ್ಚಾಗಿ ಆ ಗೆರೆಯಲ್ಲೇ ಇಳಿದಿರುತ್ತದೆ. ಕೈಗವಸು ಹಾಕಿಕೊಂಡು ಡ್ರಿಲ್ ಹಿಡಿಯಬೇಡಿ, ತಿರುಗುವ ಬಿಟ್ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ನಮ್ಮ ಪರದೆ ಕೊನೆಗೂ ಏರಿತು. ಕಾಕಾ ಪರಿಚಯದವರಿಂದ ರೋಟರಿ ಹ್ಯಾಮರ್ ತಂದರು. ನಾಲ್ಕು ತೂತಿಗೆ ಐದು ನಿಮಿಷ ಹಿಡಿಯಲಿಲ್ಲ. ನನ್ನ 48 ವೋಲ್ಟಿನ ಮಷಿನ್ ಈಗ ಅವ್ವನ ಸುಪರ್ದಿಯಲ್ಲಿದೆ. ಖಾಲಿ ಪೇಂಟ್ ಡಬ್ಬಿಗಳಲ್ಲಿ ಕರಿಬೇವು, ದುಂಡುಮಲ್ಲಿಗೆ ಹಚ್ಚುತ್ತಾಳೆ; ಡಬ್ಬಿಯ ತಳಕ್ಕೆ ನೀರು ಬಸಿಯಲು ಐದೈದು ತೂತು ಬೇಕು. “ಚಲೋ ಐತಿ ಬಿಡ ಇದು” ಎನ್ನುತ್ತಾಳೆ.